ಎರಡು ಫೋಟೊಗಳ ನಡುವಿನ ಚಿರತೆ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ನಿಮ್ಮ ದೊಡ್ಡಪ್ಪನ ಮನೆ. ಹೊಸ್ತಿಲು ದಾಟಿದರೆ ಎಡಕ್ಕೇ ಮಗ್ಗ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತ ದೊಡ್ಡಪ್ಪ ಹಗ್ಗ ಜಗ್ಗಿದಾಗಲೆಲ್ಲ ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುತ್ತದೆ, ಅಚ್ಚು ಧಪ್ಪೆಂದು ಬಡಿಯುತ್ತದೆ, ತಲೆಯ ಮೇಲೆ ಜಕಾರ್ಡಿನ ರಟ್ಟುಗಳ ಸರ ಒಂದು ರಟ್ಟಿನಷ್ಟು ಸರಿಯುತ್ತದೆ. ನೀವು ಬಾಗಿಲ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದೀರಿ, ಕೈಯಲ್ಲಿ ಫೋನು. ಬೆಂಗಳೂರಿನಲ್ಲಿ ಅನಿಮೇಷನ್ ಓದುತ್ತಿದ್ದೀರಿ, ರಜೆಗೆ ಊರಿಗೆ ಬಂದಿದ್ದೀರಿ, ಬ್ಯಾಗಿನಲ್ಲಿ ಮುಗಿಯದ ಹೋಂವರ್ಕ್ ಒಂದಿದೆ: ನಾಲ್ಕು ಕಾಲಿನ ಪ್ರಾಣಿಯ ನಡಿಗೆ. ನೀವು ಆರಿಸಿಕೊಂಡದ್ದು ಚಿರತೆ. ಮೊದಲ ಸಲ ಮಾಡಿ ತೋರಿಸಿದ್ದನ್ನು ಮೇಷ್ಟ್ರು ಎರಡು ಸಲ ಓಡಿಸಿ ನೋಡಿ, “ಚುಕ್ಕಿ ಚಿರತೆಯದು, ನಡಿಗೆ ಮಾತ್ರ ಬೀದಿನಾಯಿಯದು” ಎಂದು ವಾಪಸು ಕೊಟ್ಟಿದ್ದಾರೆ.

ಚಿರತೆಗೆ ಆಮೇಲೆ ಬರೋಣ. ಈಗ ಲಾಳಿ.

ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ತೆರೆದು ಶಟರ್ ವೇಗವನ್ನು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗಕ್ಕೆ ಇಡುತ್ತೀರಿ. ಕ್ಲಿಕ್. ಒಳಮನೆಯ ಬೆಳಕು ಸಾಲದೆ ಚಿತ್ರವೆಲ್ಲ ಕಪ್ಪು, ಕಾಳುಕಾಳು. ಆದರೂ ಲಾಳಿ ಸ್ಪಷ್ಟ. ಅದರ ಮೂತಿಯ ಲೋಹದ ಮೊನೆ, ಹೊಟ್ಟೆಯೊಳಗಿನ ಕಂಡಿಕೆ, ಬಿಚ್ಚಿಕೊಳ್ಳುತ್ತಿರುವ ಎಳೆ ಎಲ್ಲವೂ ಕಾಣುತ್ತವೆ. ಆದರೆ ಅದು ಹಾಸಿನ ನಡುವೆ ಸುಮ್ಮನೆ ಬಿದ್ದುಕೊಂಡಿದೆ. ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂಬ ಸುಳಿವೇ ಇಲ್ಲ. ಶಟರನ್ನು ಸೆಕೆಂಡಿನ ಮೂವತ್ತರಲ್ಲೊಂದು ಭಾಗಕ್ಕೆ ಇಳಿಸುತ್ತೀರಿ. ಈಗ ಲಾಳಿಯೇ ಇಲ್ಲ. ಅದರ ಜಾಗದಲ್ಲಿ ಒಂದು ಹಳದಿ ಗೆರೆ, ಎರಡೂ ತುದಿಯಲ್ಲಿ ಮಬ್ಬು. ದೊಡ್ಡಪ್ಪನ ಬಲಗೈಯೂ ಕಲಸಿಹೋಗಿದೆ, ಮುಖ ಮಾತ್ರ ಅಲುಗದೆ ನಿಂತಿದೆ.

“ಏನ ಕುಸ, ಸಿಕ್ತಾ ಲಾಳಿ?”

“ಸಿಕ್ತು ದೊಡ್ಡಪ್ಪ. ಆದ್ರ ಓಡ್ತಾ ಇಲ್ಲ.”

“ಹಿಡ್ಕಂಡ ಮೇಲ ಎಲ್ಲಿ ಓಡದು?”

ಓಡುತ್ತಿರುವುದು ಎರಡನೆಯ ಚಿತ್ರದಲ್ಲಿ, ಲಾಳಿ ಕಾಣದ ಚಿತ್ರದಲ್ಲಿ. ಅನಿಮೇಷನ್‌ನವರು ಈ ಎಳೆದ ಗೆರೆಗೆ ಸ್ಮಿಯರ್ ಎನ್ನುತ್ತಾರೆ. 1942ರಲ್ಲಿ ಚಕ್ ಜೋನ್ಸ್ ‘ದ ಡೋವರ್ ಬಾಯ್ಸ್’ ಎಂಬ ಪುಟ್ಟ ಕಾರ್ಟೂನ್ ಮಾಡಿದಾಗ ಪಾತ್ರಗಳನ್ನು ಒಂದು ಭಂಗಿಯಿಂದ ಮುಂದಿನ ಭಂಗಿಗೆ ಹೀಗೇ ಬಣ್ಣವಾಗಿ ಎಳೆದು ಒಗೆದಿದ್ದರು. ಕಾಲೇಜಿನಲ್ಲಿ ಆ ತುಣುಕನ್ನು ತೋರಿಸಿದ್ದಾರೆ, ನೀವು ನಕ್ಕಿದ್ದೀರಿ, ಟಿಪ್ಪಣಿ ಬರೆದುಕೊಂಡಿದ್ದೀರಿ. ಅದರ ಅರ್ಥ ತಲೆಗೆ ಇಳಿಯುತ್ತಿರುವುದು ಈಗ, ಎರಡು ಫೋಟೊಗಳನ್ನು ಬೆರಳಿನಲ್ಲಿ ಹಿಂದೆ ಮುಂದೆ ತಳ್ಳುತ್ತಿರುವಾಗ. ಲಾಳಿ ಒಂದೇ, ಕೈ ಒಂದೇ, ಬೆಳಕೂ ಅದೇ. ಬದಲಾದದ್ದು ಚಿತ್ರ ತೆಗೆದ ರೀತಿ. ಕಲಿಯುವವರು ಫೋಟೊ ಮುಂದೆ ಕೂತು ಕೇಳಬೇಕಾದ ಪ್ರಶ್ನೆ ಇದು ಎಂಬುದು ನನ್ನ ಎಣಿಕೆ. ಇದರಲ್ಲಿ ಏನಿದೆ ಎನ್ನುವುದಕ್ಕಿಂತ ಇದನ್ನು ಹೇಗೆ ತೆಗೆದರು, ಎಲ್ಲಿ ನಿಂತು, ಯಾತಕ್ಕೆ ಎನ್ನುವುದು. ಇವತ್ತಿನ ವಿದ್ಯಾರ್ಥಿಗಳು ಫೋಟೊವನ್ನು ಲೇಯರಿನ ಕೆಳಗೆ ಹಾಕಿ ಟ್ರೇಸ್ ಮಾಡಿಬಿಡುತ್ತಾರೆ. ಗೆರೆ ಸರಿ ಬರುತ್ತದೆ, ಜೀವ ಬರುವುದಿಲ್ಲ.

ಈಗ ಚಿರತೆಗೆ ಬರೋಣ. ಹನೂರಿನ ಬಸ್ಸು ಹತ್ತಿ. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಒಳ್ಳೆಯದು. ಕೊಳ್ಳೇಗಾಲದ ಗದ್ದೆ ಬಯಲು ಮುಗಿದು ಕಾಮಗೆರೆ ದಾಟುವ ಹೊತ್ತಿಗೆ ಮಣ್ಣಿನ ಬಣ್ಣ ಕೆಂಪಾಗಿ, ಹೊಲದಲ್ಲಿ ರಾಗಿ, ಜೋಳ, ಬೇಲಿಯ ಮೇಲೆ ಸೀಮೆಜಾಲಿ. ದೂರದಲ್ಲಿ ಒಂದರ ಹಿಂದೊಂದು ನೀಲಿ ಬೆಟ್ಟ. ಹನೂರು ಮೊನ್ನೆ ಮೊನ್ನೆಯವರೆಗೆ ಕೊಳ್ಳೇಗಾಲ ತಾಲ್ಲೂಕಿನ ಒಂದು ಹೋಬಳಿ, ಈಗ ತಾನೇ ಒಂದು ತಾಲ್ಲೂಕು. ಅದರ ಎರಡು ಮಗ್ಗುಲಿಗೂ ಕಾಡು. ಒಂದು ಕಡೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ, ಇನ್ನೊಂದು ಕಡೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮ. ನಿಮ್ಮ ಚಿರತೆ ಇರುವುದು ಅಲ್ಲಿ. ಅನುಮತಿ ಇಲ್ಲದೆ ನೀವು ಒಳಗೆ ಕಾಲಿಡುವಂತಿಲ್ಲ, ಇಟ್ಟರೂ ಅದು ನಿಮಗೆ ಕಾಣಿಸಿಕೊಳ್ಳುವುದಿಲ್ಲ. ಡಿಸ್ನಿಯವರು ‘ಬ್ಯಾಂಬಿ’ ಮಾಡುವಾಗ ಕಲಾವಿದರಿಗೆ ನೋಡಿ ಬರೆಯಲೆಂದು ಜಿಂಕೆಮರಿಗಳನ್ನು ಸ್ಟುಡಿಯೊಗೇ ತರಿಸಿದ್ದರು. ನಿಮಗೆ ಆ ಭಾಗ್ಯವಿಲ್ಲ.

ನಿಮಗಿರುವುದು ಬೇರೆ ಥರದ ಭಾಗ್ಯ. ಹನೂರಿನ ಬಸ್ ನಿಲ್ದಾಣದ ಹತ್ತಿರ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಟೀ ಹೇಳಿ, ಫೋನಿನಲ್ಲಿ ಇದೇ ಕಾಡುಗಳ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳನ್ನು ತೆರೆಯಿರಿ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ತಂಡ ವರ್ಷಗಟ್ಟಲೆ ಕಾವೇರಿ, ಮಲೆ ಮಹದೇಶ್ವರ ಕಾಡುಗಳ ದಾರಿಗಳಲ್ಲಿ ಕ್ಯಾಮೆರಾ ಕಟ್ಟಿ ಚಿರತೆಗಳನ್ನು ಎಣಿಸಿದ್ದಾರೆ. ತರಕರಡಿಯಂಥ ಅಪರೂಪದ ಪ್ರಾಣಿ ಕರ್ನಾಟಕದಲ್ಲಿದೆ ಎಂಬುದಕ್ಕೆ ಫೋಟೊ ಸಾಕ್ಷಿ ಸಿಕ್ಕಿದ್ದೂ ಕಾವೇರಿ ಕಾಡಿನಲ್ಲಿ, ಇಂಥದ್ದೇ ಕ್ಯಾಮೆರಾಗಳಿಂದ. ಗುಬ್ಬಿಯವರ ಚಿರತೆ ಅನುಭವಗಳ ಇಂಗ್ಲಿಷ್ ಪುಸ್ತಕ ‘ಲೆಪರ್ಡ್ ಡೈರೀಸ್’ 2021ರಲ್ಲಿ ಬಂತು.

ಚಿತ್ರ ನೋಡುವ ಮೊದಲು ಕ್ಯಾಮೆರಾವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಗಟ್ಟಿ ಡಬ್ಬಿ. ಕಾಲುದಾರಿಯ ಪಕ್ಕದ ಮರಕ್ಕೆ ಪಟ್ಟಿಯಿಂದ ಬಿಗಿದಿದ್ದಾರೆ, ನಿಮ್ಮ ಮೊಣಕಾಲಿನ ಎತ್ತರಕ್ಕೆ. ದಾರಿಯ ಆಚೆ ಬದಿ ಅದರ ಎದುರಿಗೆ ಇನ್ನೊಂದು. ಚಿರತೆಯ ಎಡಮೈಯ ಚುಕ್ಕಿ ಬಲಮೈಯಲ್ಲಿ ಇರುವುದಿಲ್ಲ, ಒಂದು ಚಿರತೆಯ ಚುಕ್ಕಿ ಇನ್ನೊಂದಕ್ಕಿರುವುದಿಲ್ಲ. ಗುರುತು ಹಿಡಿಯಲು ಎರಡೂ ಮಗ್ಗುಲು ಬೇಕು. ಡಬ್ಬಿಯೊಳಗಿನ ಸಂವೇದಕಕ್ಕೆ ಬೆಚ್ಚಗಿನ ಮೈ ಅಲುಗಿದ್ದು ಗೊತ್ತಾದ ಕೂಡಲೆ ಕ್ಯಾಮೆರಾ ಎಚ್ಚರಗೊಂಡು ಒಂದರ ಹಿಂದೊಂದು ಎರಡೋ ಮೂರೋ ಚಿತ್ರ ಹಿಡಿಯುತ್ತದೆ. ಕೆಳಗಿನ ಪಟ್ಟಿಯಲ್ಲಿ ತಾರೀಖು, ಗಂಟೆ, ನಿಮಿಷ. ಹಿಂದೆ ಯಾರೂ ಇಲ್ಲ. ಚಂದ ಕಾಣಲೆಂದು ಕಾಯುವವರಿಲ್ಲ, ಬೆಳಕು ಸರಿಯಿಲ್ಲವೆಂದು ಬಿಡುವವರೂ ಇಲ್ಲ.

ಹಾಗಾಗಿ ಇಲ್ಲಿ ಬರುವ ಚಿತ್ರಗಳು ಕ್ಯಾಲೆಂಡರಿನವಲ್ಲ. ಒಂದರಲ್ಲಿ ಬರೀ ಬಾಲ. ಒಂದರಲ್ಲಿ ಮೂಗು ಲೆನ್ಸಿಗೆ ಒತ್ತಿಕೊಂಡು ಉಳಿದದ್ದೆಲ್ಲ ಮಬ್ಬು. ಇನ್ನೊಂದರಲ್ಲಿ ಹೊಟ್ಟೆಗೆ ಕೆಸರು ಹತ್ತಿದ, ಕಿವಿಯ ಅಂಚು ಹರಿದ ಹೆಣ್ಣು ಚಿರತೆ, ತಲೆ ಹೆಗಲಿಗಿಂತ ಕೆಳಗೆ. ಜೀಪಿನ ಮೇಲೆ ಕೂತು ಉದ್ದ ಲೆನ್ಸಿನಲ್ಲಿ ತೆಗೆದ ಚಿತ್ರಗಳನ್ನೇ ನೋಡಿ ಬೆಳೆದ ನಿಮಗೆ ಚಿರತೆ ಎಂದರೆ ಮೇಲಿಂದ ಕಂಡ ಮುಖ, ಎರಡು ಕಣ್ಣು. ಇಲ್ಲಿ ನೀವು ಅದರ ಭುಜದ ಮಟ್ಟದಲ್ಲಿದ್ದೀರಿ. ಮುಂಗಾಲಿನ ಮೇಲೆ ಭಾರ ಬಿದ್ದಾಗ ಆ ಕಡೆಯ ಹೆಗಲೆಲುಬು ಬೆನ್ನಿಗಿಂತ ಮೇಲೆ ಎದ್ದು ನಿಲ್ಲುವುದು, ಇನ್ನೊಂದು ಕಡೆಯದು ಇಳಿಯುವುದು ಕಾಣುತ್ತದೆ. ಚರ್ಮ ಅದರ ಮೇಲೆ ಜಾರುತ್ತದೆ, ಚುಕ್ಕಿಗಳೂ ಜೊತೆಗೆ ಜಾರುತ್ತವೆ. ನಿಮ್ಮ ಚಿರತೆ ನಾಯಿಯಾದದ್ದು ಯಾಕೆಂದು ಈಗ ಗೊತ್ತಾಯಿತಲ್ಲ? ಬೆನ್ನನ್ನು ಹಲಗೆಯ ಹಾಗೆ ನೆಟ್ಟಗಿಟ್ಟು ಕೆಳಗೆ ಕಾಲು ಆಡಿಸಿದ್ದಿರಿ.

ಟೀ ಬಂತು. ಆರಲಿ ಬಿಡಿ, ಇಲ್ಲೊಂದು ಹಳೆಯ ನೆಂಟಸ್ತಿಕೆ ಹೇಳಬೇಕು.

ಅನಿಮೇಷನ್ ಪಾಠದ ಮೊದಲ ವಾರದಲ್ಲೇ ಎಡ್ವರ್ಡ್ ಮೈಬ್ರಿಜ್‌ನ ಕುದುರೆ ಬರುತ್ತದೆ. 1878ರ ಜೂನ್, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ. ಲೆಲಂಡ್ ಸ್ಟ್ಯಾನ್‌ಫರ್ಡ್‌ನ ಕುದುರೆ ಸ್ಯಾಲಿ ಗಾರ್ಡ್‌ನರ್ ಓಡುವ ಪಟ್ಟಿಯ ಪಕ್ಕ ಸಾಲಾಗಿ 12 ಕ್ಯಾಮೆರಾ, ದಾರಿಗೆ ಅಡ್ಡವಾಗಿ ದಾರಗಳು. ಕುದುರೆ ಒಂದೊಂದು ದಾರ ಹರಿದಂತೆ ಒಂದೊಂದು ಕ್ಯಾಮೆರಾ ಕ್ಲಿಕ್. ಓಡುವ ಕುದುರೆಯ ನಾಲ್ಕೂ ಕಾಲು ಒಂದು ಗಳಿಗೆ ನೆಲ ಬಿಟ್ಟಿರುತ್ತವೆ ಎಂಬುದು ಆ ಚಿತ್ರಗಳಿಂದ ಇತ್ಯರ್ಥವಾಯಿತು. ಪ್ರಾಣಿಯೇ ದಾರ ಎಡವಿ ತನ್ನ ಚಿತ್ರ ತಾನು ತೆಗೆದುಕೊಳ್ಳುವ ಈ ಉಪಾಯ ಮುಂದೆ ನಮ್ಮ ದೇಶದ ಕಾಡಿಗೂ ಬಂತು. 1920ರ ದಶಕದಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಉತ್ತರ ಭಾರತದ ಕಾಡುಗಳಲ್ಲಿ ಹುಲಿ ನಡೆಯುವ ದಾರಿಗೆ ತಂತಿ ಕಟ್ಟಿ, ರಾತ್ರಿಯ ಹುಲಿಯನ್ನು ಅದರದೇ ಹೆಜ್ಜೆಯಿಂದ ಫೋಟೊ ತೆಗೆಸಿದ. ಅವನ ಪುಸ್ತಕ ಬಂದದ್ದು 1927ರಲ್ಲಿ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಹುಲಿಯ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಲೆಕ್ಕ ಹಾಕುವ ವಿಧಾನವನ್ನು ಕ್ಯಾಮೆರಾ ಟ್ರ್ಯಾಪ್‌ಗಳಿಂದ ಗಟ್ಟಿ ಮಾಡಿದರು. ಅಲ್ಲಿಂದ ಹನೂರಿನ ಕಾಡಿಗೆ ಬಹಳ ದೂರವಿಲ್ಲ. ಪಠ್ಯದ ಕುದುರೆಯೂ ನಿಮ್ಮ ಫೋನಿನ ಚಿರತೆಯೂ ಒಂದೇ ವಂಶದವು.

ಒಂದು ವ್ಯತ್ಯಾಸವಿದೆ, ನಿಮ್ಮ ಕೆಲಸ ಇರುವುದು ಆ ವ್ಯತ್ಯಾಸದಲ್ಲೇ. ಮೈಬ್ರಿಜ್‌ನ ಚಿತ್ರಗಳಲ್ಲಿ ಎಲ್ಲ ಅಚ್ಚುಕಟ್ಟು. ಸಮನಾದ ಅಂತರ, ಪಕ್ಕದ ನೋಟ, ಹಿಂದೆ ಬಿಳಿ ಪರದೆ. 24 ಫ್ರೇಮಿಗೆ ಒಂದು ಸೆಕೆಂಡು ಎಂದು ಕಲಿತವರಿಗೆ ಅದು ತಯಾರಾದ ಅಡುಗೆ. ಕ್ಯಾಮೆರಾ ಟ್ರ್ಯಾಪ್ ಹಾಗಲ್ಲ. ಮೊದಲ ಚಿತ್ರದಲ್ಲಿ ಎಡ ಹಿಂಗಾಲು ಎತ್ತಿದೆ, ಎರಡನೆಯದರಲ್ಲಿ ಚಿರತೆ ಅರ್ಧ ಆಚೆ ಹೋಗಿದೆ, ಮೂರನೆಯದರಲ್ಲಿ ಅಲುಗುತ್ತಿರುವ ಹುಲ್ಲು ಮಾತ್ರ. ನಡುವಿನ ಸಮಯದಲ್ಲಿ ಆದದ್ದು ಯಾವ ಫೋಟೊದಲ್ಲೂ ಇಲ್ಲ. ಅದನ್ನು ನೀವು ಬರೆಯಬೇಕು. ಸ್ಕೆಚ್ ಪುಸ್ತಕ ತೆಗೆಯಿರಿ. ಬಲಗಡೆ ಮೂಲೆಯಲ್ಲಿ ಮೊದಲ ಚಿತ್ರದ ಭಂಗಿ, ಎಡಗಡೆ ಎರಡನೆಯದು. ಮಧ್ಯೆ ಖಾಲಿ ಕಾಗದ.

ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ಹಿರಿಯರೊಬ್ಬರು ಆಗಲೇ ಬಗ್ಗಿ ನೋಡುತ್ತಿದ್ದಾರೆ. ಕಾಡಂಚಿನ ದೊಡ್ಡಿಯಲ್ಲಿ ದನ ಕಾದವರು.

“ಚಿರತನ ಅದು?”

“ಹೂಂ ಅಣ್ಣ.”

“ಅಷ್ಟ್ ಅಗಲುಕ್ಕ ಕಾಲ್ ಮಡಗಲ್ಲ ಕನಪ್ಪ. ಮುಂದ್ಲ ಕಾಲ್ ಎತ್ತಿದ್ ಜಾಗುಕ್ಕೇ ಹಿಂದ್ಲ ಕಾಲ್ ಮಡಗ್ತದ. ದೂಳಲ್ಲಿ ನೋಡು, ನಾಕ್ ಕಾಲ್ ನಡ್ದಿದ್ರೂ ಎರಡ್ ಕಾಲ್ ಹೆಜ್ಜನೇ ಕಾಣದು.”

ಇದು ಸರಿಯಾದ ಮಾತು. ಬೆಕ್ಕಿನ ಜಾತಿಯ ಪ್ರಾಣಿಗಳು ನಿಧಾನ ನಡೆಯುವಾಗ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಈ ಕ್ರಮದಲ್ಲಿ ಹೆಜ್ಜೆ ಇಡುತ್ತವೆ. ಹಿಂಗಾಲು ಅದೇ ಬದಿಯ ಮುಂಗಾಲಿನ ಗುರುತಿನ ಮೇಲೋ ಅದರ ಪಕ್ಕವೋ ಬೀಳುತ್ತದೆ. ಸದ್ದಾಗದ ಜಾಗವನ್ನು ಮುಂಗಾಲು ಹುಡುಕಿಟ್ಟಿರುತ್ತದೆ, ಹಿಂಗಾಲು ಅದನ್ನು ನಂಬುತ್ತದೆ. ಫೋಟೊ ಕೊಡದಿದ್ದ ಆ ನಡುವಿನ ಹೆಜ್ಜೆ ಹಿರಿಯರ ಬಾಯಿಂದ ಬಂತು. ಟೀ ದುಡ್ಡು ನೀವೇ ಕೊಡಿ.

ಹನೂರಿನಿಂದ ಮುಂದೆ ಬಸ್ಸು ಕೌದಳ್ಳಿ ದಾಟಿ ತಾಳಬೆಟ್ಟದಿಂದ ತಿರುವುಗಳನ್ನು ಏರುತ್ತದೆ. ಪಾದಯಾತ್ರೆಯ ಕಾಲವಾದರೆ ಈ ದಾರಿಯುದ್ದಕ್ಕೂ ಜನ. ಮಾದಪ್ಪನ ಬೆಟ್ಟದಲ್ಲಿ ಇಳಿದರೆ ಎಲ್ಲಿ ನೋಡಿದರೂ ಹುಲಿ. ಅಂಗಡಿಯ ಫ್ರೇಮುಗಳಲ್ಲಿ, ಕ್ಯಾಲೆಂಡರಿನಲ್ಲಿ, ಕೀಚೈನಿನಲ್ಲಿ, ಬಸ್ಸಿನ ಗಾಜಿನ ಮೇಲೆ. ಮಾದಪ್ಪ, ಅಂದರೆ ಮಲೆ ಮಹದೇಶ್ವರ, ಹುಲಿಯನ್ನೇ ವಾಹನ ಮಾಡಿಕೊಂಡ ದೇವರು. 2023ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಮೂರ್ತಿಯಲ್ಲೂ ಅವನು ಹುಲಿಯ ಮೇಲೇ ಇದ್ದಾನೆ. ಕ್ಯಾಲೆಂಡರಿನ ಹುಲಿಯನ್ನು ದಿಟ್ಟಿಸಿ. ಮೈ ಪಕ್ಕಕ್ಕೆ, ಮುಖ ನಮ್ಮ ಕಡೆಗೆ, ಒಂದು ಮುಂಗಾಲು ಎತ್ತಿದೆ. ಈಗಷ್ಟೇ ಹನೂರಿನಲ್ಲಿ ಪಾಠ ಕಲಿತು ಬಂದ ನಿಮಗೆ ನಗು ಬರಬಹುದು. ನಗಬೇಡಿ. ಅದು ನಡಿಗೆಯ ಚಿತ್ರವಲ್ಲ, ಗುರುತಿನ ಚಿತ್ರ. ನೂರು ಅಡಿ ದೂರದಿಂದ ಕಂಡರೂ ಹುಲಿ, ಮಾದಪ್ಪ ಎರಡೂ ತಿಳಿಯಬೇಕು. ಅನಿಮೇಷನ್‌ನಲ್ಲಿ ಕೀ ಪೋಸ್ ಎನ್ನುವುದು ಇದಕ್ಕೇ.

ಇದೇ ಬೆಟ್ಟಗಳ ಇನ್ನೊಂದು ಹುಲಿಯ ಫೋಟೊ ನಿಮಗೆ ನೆನಪಿರಬೇಕು. 2025ರ ಜೂನ್ ಕೊನೆಯ ವಾರ, ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯ. ವಿಷ ಹಾಕಿದ್ದ ಹಸುವಿನ ಕಳೇಬರ ತಿಂದು ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತವು. ಮರುದಿನ ಆ ಚಿತ್ರ ಎಲ್ಲ ಪತ್ರಿಕೆಗಳಲ್ಲಿ, ಎಲ್ಲರ ಫೋನುಗಳಲ್ಲಿತ್ತು. ಅದನ್ನು ಟ್ರೇಸ್ ಮಾಡಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ನಾಲ್ಕು ಕಾಲಿನ ಪ್ರಾಣಿಯ ನಡಿಗೆ ಎಂಬ ಹೋಂವರ್ಕನ್ನು ಈ ಬೆಟ್ಟದಲ್ಲಿ ಕೂತು ಮಾಡುವವರಿಗೆ ಆ ಚಿತ್ರದಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ದನ ಕಳೆದುಕೊಂಡವರೂ ಇಲ್ಲಿನವರೇ, ಹುಲಿಯೂ ಇಲ್ಲಿನದೇ, ಹುಲಿಯೇರಿದ ದೇವರಿಗೆ ಕೈ ಮುಗಿಯುವವರೂ ಅವರೇ. ಕಾರ್ಟೂನಿನ ಒಳ್ಳೆಯ ಹುಲಿ, ಕೆಟ್ಟ ಹುಲಿ ಈ ಮೂವರ ನಡುವೆ ನಿಲ್ಲಲಾರವು. ನಿಮ್ಮ ಮುಂದಿನ ಕಥೆ ಎಲ್ಲಿಂದಾದರೂ ಹುಟ್ಟುವುದಿದ್ದರೆ ಇಲ್ಲಿಂದ ಹುಟ್ಟಲಿ ಎಂದು ನನ್ನ ಆಸೆ.

ಬೆಟ್ಟದ ಮೇಲೆ ಫೋಟೊ ತೆಗೆಯುವವರ ಅಂಗಡಿ ಮುಂದೆ ಒಂದು ಸಂಸಾರ ಸಾಲಾಗಿ ನಿಂತಿದೆ. ಹಿಂದೆ ಮುದ್ರಿಸಿದ ಪರದೆ: ಗೋಪುರ, ಬೆಟ್ಟ, ನಿಜವಾದ ಆಕಾಶಕ್ಕಿಂತ ನೀಲಿಯಾದ ಆಕಾಶ. ಮಗುವಿನ ಕೈಗೆ ಯಾರೋ ಹೂ ಕೊಟ್ಟರು. “ನಗ್ರಪ್ಪ ಒಸಿ” ಎಂದರು ಫೋಟೊದವರು. ಅಜ್ಜಿ ಇನ್ನೂ ಬಿಗಿಯಾದರು.

ಪರದೆ ಕಂಡಾಗ ಪುಷ್ಪಮಾಲಾ ಎನ್. ಅವರನ್ನು ನೆನೆಯಲೇಬೇಕು. ಬೆಂಗಳೂರಿನವರು, ಶಿಲ್ಪ ಕಲಿತವರು, 1990ರ ದಶಕದಲ್ಲಿ ಫೋಟೊದ ಕಡೆ ತಿರುಗಿ ತಮ್ಮನ್ನೇ ಪಾತ್ರ ಮಾಡಿಕೊಂಡು ಕ್ಯಾಮೆರಾ ಮುಂದೆ ನಿಂತವರು. 1996ರಿಂದ 98ರ ‘ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್’ ಸರಣಿಯಲ್ಲಿ ಹಳೆಯ ನಾಡಿಯಾ ಸಿನಿಮಾಗಳ ನೆನಪು ತರುವ ಮುಸುಕಿನ ಹೆಣ್ಣು ಮುಂಬೈಯಲ್ಲಿ ಓಡಾಡುತ್ತಾಳೆ. ಬರೀ ಕಪ್ಪುಬಿಳುಪು ಸ್ಥಿರಚಿತ್ರಗಳು. ಆದರೆ ಒಂದರ ಪಕ್ಕ ಒಂದಿಟ್ಟರೆ ಸಿನಿಮಾ ಓಡತೊಡಗುತ್ತದೆ. ಕ್ರಿಸ್ ಮಾರ್ಕರ್ 1962ರಲ್ಲಿ ‘ಲಾ ಜೆತೆ’ಯನ್ನು ಹೆಚ್ಚುಕಡಿಮೆ ಪೂರಾ ಸ್ಥಿರಚಿತ್ರಗಳಿಂದಲೇ ಕಟ್ಟಿದ್ದು ಇದಕ್ಕೆ ದೂರದ ನೆಂಟ. ಸ್ಟೋರಿಬೋರ್ಡ್ ಮಾಡಲು ಕೂತು ಎರಡು ನಿಮಿಷದ ಕಥೆಗೆ ಎಂಬತ್ತು ಚೌಕ ತುಂಬಿಸುವ ವಿದ್ಯಾರ್ಥಿಗಳು ಆ ಸರಣಿಯನ್ನು ಒಮ್ಮೆ ನೋಡಬೇಕು. ಯಾವುದನ್ನು ತೋರಿಸದೆ ಬಿಡಬಹುದು ಎಂಬುದು ಅಲ್ಲಿದೆ.

ಅದಕ್ಕಿಂತಲೂ ನಿಮಗೆ ಬೇಕಾದದ್ದು ಅವರ ಇನ್ನೊಂದು ಕೆಲಸ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ‘ದಕ್ಷಿಣ ಭಾರತದ ದೇಶೀ ಹೆಂಗಸರು’ ಸರಣಿ. ರವಿವರ್ಮನ ಲಕ್ಷ್ಮಿ, ಸಿನಿಮಾ ದೃಶ್ಯ, ಪತ್ರಿಕೆಯ ಫೋಟೊ, ಹೀಗೆ ನಮ್ಮ ಕಣ್ಣಿನಲ್ಲಿ ಅಚ್ಚಾಗಿರುವ ಹೆಣ್ಣಿನ ಚಿತ್ರಗಳನ್ನೆಲ್ಲ ಅವರು ಮತ್ತೆ ಕಟ್ಟಿ, ಒಳಗೆ ತಾವೇ ನಿಂತರು. ಅದರಲ್ಲಿ ತೋಡ ಬುಡಕಟ್ಟಿನ ಹೆಂಗಸಿನ ವೇಷದ ಒಂದು ಚಿತ್ರವಿದೆ. ಬೆನ್ನ ಹಿಂದೆ ಚೌಕುಳಿ ಪರದೆ, ಪಕ್ಕದಲ್ಲಿ ಅಳತೆಯ ಸಾಧನ. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನವರನ್ನು ಅಳೆದು ತೆಗೆದ ಫೋಟೊಗಳ ಅಣಕ ಅದು. ಇಂಥದ್ದೇ ಚೌಕುಳಿಯನ್ನು ಮೈಬ್ರಿಜ್ ಕೂಡ ಬಳಸಿದ. 1887ರ ಅವನ 781 ಹಾಳೆಗಳ ದೊಡ್ಡ ಸಂಗ್ರಹದಲ್ಲಿ ಮನುಷ್ಯರು ನಡೆಯುವುದು, ಹತ್ತುವುದು ಗೆರೆ ಎಳೆದ ಪರದೆಯ ಮುಂದೆ.

ಇನ್ನೊಂದು ದಿನ. ಯಳಂದೂರಿನಲ್ಲಿ ಇಳಿದಿದ್ದೀರಿ, ಬೆಳಗಿನ ಬಿಸಿಲಿನಲ್ಲಿ ಗೌರೀಶ್ವರ ದೇವಸ್ಥಾನದ ಬಳೆಮಂಟಪದ ಮುಂದೆ. ಕಲ್ಲಿನಲ್ಲೇ ಕಡೆದ ಬಳೆಗಳ ಸರಪಳಿಯಿಂದ ಬಂದ ಹೆಸರು. ಬಿಸಿಲು ಓರೆಯಾಗಿ ಬೀಳುವಾಗ ಗೋಡೆಯ ಉಬ್ಬುಶಿಲ್ಪಗಳ ಒಂದೊಂದು ಬೆರಳೂ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಅದೇ ಗೋಡೆ ಚಪ್ಪಟೆ. ಫೋನನ್ನು ಗಟ್ಟಿಯಾಗಿ ಒಂದು ಕಡೆ ನಿಲ್ಲಿಸಿ ಗಂಟೆಗೊಂದು ಚಿತ್ರ ತೆಗೆದರೆ ಬೆಳಕಿನ ಪಾಠ ಮುಗಿಯಿತು, ಅದಕ್ಕೆ ನನ್ನ ವಿವರಣೆ ಬೇಡ.

ಅಲ್ಲಿಂದ ಬಿಳಿಗಿರಿರಂಗನ ಬೆಟ್ಟದ ಬಸ್ಸು. ಗುಂಬಳ್ಳಿಯ ಹತ್ತಿರ ಅರಣ್ಯದ ಗೇಟು ದಾಟಿದ ಮೇಲೆ ಗಾಳಿ ತಣ್ಣಗಾಗುತ್ತದೆ. ಬೆಟ್ಟದ ಮೇಲೆ ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಾಡಿಗಳು. ನಡಿಗೆಯ ಹೋಂವರ್ಕಿನ ಜೊತೆ ನೀವು ಮಾಡಬೇಕೆಂದಿರುವ ಸಣ್ಣ ಅನಿಮೇಷನ್ ಚಿತ್ರದಲ್ಲಿ ಒಬ್ಬ ಸೋಲಿಗ ಅಜ್ಜ ಇದ್ದಾನೆ, ಅವನಿಗೊಂದು ಕ್ಯಾರೆಕ್ಟರ್ ಶೀಟ್ ಬೇಕು. ಎದುರು, ಮುಕ್ಕಾಲು, ಪಕ್ಕ, ಹಿಂದೆ ಎಂದು ನಾಲ್ಕು ನೋಟ, ಕೈ ಮೈಗೆ ಅಂಟಿಸಿ ನಿಲ್ಲಿಸಿ, ತಲೆ, ಗಲ್ಲ, ಸೊಂಟ, ಮಂಡಿಯ ಮಟ್ಟಕ್ಕೆ ಅಡ್ಡಗೆರೆ. ಎಲ್ಲ ಸ್ಟುಡಿಯೊಗಳ ಪದ್ಧತಿ ಇದೇ. ಒಂದು ಗಳಿಗೆ ಆ ಶೀಟನ್ನೂ ಪುಷ್ಪಮಾಲಾ ಅವರ ಚೌಕುಳಿ ಪರದೆಯನ್ನೂ ಅಕ್ಕಪಕ್ಕ ಇಡಿ.

ಅಳೆದು ತೆಗೆದ ಆ ಫೋಟೊಗಳ ಕಥೆ ಇಲ್ಲಿಗೂ ತಲುಪುತ್ತದೆ. ಕೊಳ್ಳೇಗಾಲ 1956ರವರೆಗೆ ಮದರಾಸಿಗೆ ಸೇರಿದ್ದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಮದರಾಸು ಮ್ಯೂಸಿಯಂನ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ಜೊತೆ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಸೋಲಿಗರೂ ಬರುತ್ತಾರೆ. ಥರ್ಸ್ಟನ್ ಜನರ ಮೂಗು, ತಲೆ, ಎತ್ತರ ಅಳೆದು ಬರೆದಿಡುತ್ತಿದ್ದ ಮನುಷ್ಯ. ಅವನ ಅಳತೆಪಟ್ಟಿಯನ್ನು ನೀವು ಕಂಡೇ ಇಲ್ಲ. ಆದರೂ ನಿಮ್ಮ ಸಾಫ್ಟ್‌ವೇರಿನ ಗ್ರಿಡ್ ಮುಂದೆ ನಿಮ್ಮ ಅಜ್ಜ ಅದೇ ರೀತಿ ಕೈ ಇಳಿಬಿಟ್ಟು ನಿಂತಿದ್ದಾನೆ. ಕ್ಯಾರೆಕ್ಟರ್ ಶೀಟ್ ಬೇಡ ಎನ್ನುತ್ತಿಲ್ಲ. ಇಪ್ಪತ್ತು ಜನ ಒಂದೇ ಪಾತ್ರವನ್ನು ಬರೆಯುವ ಕಡೆ ಅದಿಲ್ಲದೆ ಕೆಲಸ ಸಾಗದು. ಆದರೆ ಅಲ್ಲಿಂದ ಶುರು ಮಾಡಬೇಡಿ.

ಪೋಡಿನ ಜಗಲಿಯ ಮೇಲೆ ನಿಜವಾದ ಅಜ್ಜರೊಬ್ಬರು ಕೂತು ಕತ್ತಿಯ ಹಿಡಿಗೆ ಬಳ್ಳಿ ಸುತ್ತುತ್ತಿದ್ದಾರೆ.

“ಅಜ್ಜ, ಒಂದು ಫೋಟೊ ತಗೋಬೋದಾ?”

“ತಗ. ತಗ್ದವರೆಲ್ಲ ತಗಂಡ್ ಹೋಯ್ತರ, ಒಂದ್ ಪಟನೂ ನಮ್ಗ ಬರಲ್ಲ.”

ಅವರು ಬಳ್ಳಿ ಬದಿಗಿಟ್ಟು ಎದ್ದು ನಿಂತರು. ಕೈ ಎರಡೂ ತೊಡೆಗೆ, ಗಲ್ಲ ಮೇಲಕ್ಕೆ, ಉಸಿರು ಬಿಗಿ. ನೀವು ಒಂದು ತೆಗೆದಿರಿ. “ಆಯ್ತು ಅಜ್ಜ” ಎಂದ ತಕ್ಷಣ ಭುಜ ಇಳಿಯಿತು, ಭಾರ ಎಡಗಾಲಿಗೆ ಹೋಯಿತು, ಬಲಗೈ ತಾನಾಗಿ ಕತ್ತಿಯನ್ನು ಹುಡುಕಿತು. ನಿಮಗೆ ಬೇಕಾದ ಪಾತ್ರ ಕಂಡದ್ದು ಆಗ. ಇನ್ನೂ ಕೆಲವು ಚಿತ್ರ ತೆಗೆಯಬಹುದಾ ಎಂದು ಕೇಳಿ, ಅವರು ಹೂಂ ಎಂದ ಮೇಲೆ ಕೂರುವುದು, ಬಳ್ಳಿ ಎಳೆಯುವುದು, ಹಲ್ಲಿನಲ್ಲಿ ಕಚ್ಚಿ ಬಿಗಿಯುವುದು ಎಲ್ಲ ತೆಗೆಯಿರಿ. ಆಮೇಲೆ ಫೋನು ಜೇಬಿಗೆ ಹಾಕಿ ಪಕ್ಕದಲ್ಲಿ ಕೂತು ಬರೆಯಿರಿ. ಕೊಳ್ಳೇಗಾಲದ ಸ್ಟುಡಿಯೊದಲ್ಲಿ ಪ್ರಿಂಟು ಹಾಕಿಸಿ ಅವರಿಗೆ ತಲುಪಿಸುವುದು ಈ ಪಾಠದ ಶುಲ್ಕ. ಹುಲಿ ಸಂರಕ್ಷಿತ ಪ್ರದೇಶವಾದ ಇದೇ ಬೆಟ್ಟದ ಕಾಡಿನ ಮೇಲೆ 2011ರಲ್ಲಿ ಸಮುದಾಯದ ಹಕ್ಕು ಪಡೆದುಕೊಂಡ ಜನ ಅವರು. ತಮ್ಮ ಮುಖದ ಮೇಲಿನ ಹಕ್ಕನ್ನು ಕೇಳಿದರೆ ಆಶ್ಚರ್ಯವೇನಿದೆ?

ಕೊನೆಗೆ ಒಂದು ಕೋರಿಕೆ. ಇದು ವಿದ್ಯಾರ್ಥಿಗಳಿಗಲ್ಲ, ಅರಣ್ಯ ಇಲಾಖೆಗೆ, ಸಂಶೋಧಕರಿಗೆ, ಕಾಲೇಜುಗಳಿಗೆ. ಕ್ಯಾಮೆರಾ ಟ್ರ್ಯಾಪ್ ಸರಣಿಯಲ್ಲಿ ಪತ್ರಿಕೆಗೆ ಬರುವುದು ಚಂದದ ಒಂದು ಚಿತ್ರ. ಅದರ ಹಿಂದಿನದು, ಮುಂದಿನದು, ಬಾಲ ಮಾತ್ರ ಇರುವುದು, ಮಬ್ಬಾದದ್ದು ಹಾರ್ಡ್ ಡಿಸ್ಕಿನಲ್ಲೇ ಉಳಿಯುತ್ತವೆ. ಎಣಿಕೆ ಮುಗಿದ ಮೇಲೆ ಬೇಡವಾಗುವ ಆ ಚಿತ್ರಗಳೇ ಅನಿಮೇಷನ್ ಕಲಿಯುವವರಿಗೆ ಬೇಕಾದವು. ತಾಂಜಾನಿಯದ ಸೆರೆಂಗೆಟಿಯಲ್ಲಿ 2010ರಿಂದ 225 ಕ್ಯಾಮೆರಾಗಳು ತೆಗೆದ ಲಕ್ಷಾಂತರ ಚಿತ್ರಸರಣಿಗಳನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದ್ದಾರೆ. ನಮ್ಮ ಮಕ್ಕಳು ಆಫ್ರಿಕಾದ ಚಿರತೆಯನ್ನು ನೋಡಿ ಕಲಿಯಬಹುದು, ಹನೂರಿನದನ್ನಲ್ಲ. ಬೇಟೆಗಾರರ ಭಯ ಸುಳ್ಳಲ್ಲ. ಆದ್ದರಿಂದ ಜಾಗ, ತಾರೀಖು, ಗಂಟೆ ಎಲ್ಲ ಅಳಿಸಿಯೇ ಕೊಡಿ. ಹೆಜ್ಜೆ ಬರೆಯುವವರಿಗೆ ಅವು ಬೇಕಿಲ್ಲ. ಅನಿಮೇಷನ್ ಉದ್ಯಮಕ್ಕೆಂದು 2012ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. ಇಂಥದ್ದೊಂದು ಸಂಗ್ರಹ ತೆರೆಯುವುದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕ್ಯಾಮೆರಾವೂ ಬೇಡ. ಇರುವ ಚಿತ್ರಗಳನ್ನು ಕೊಟ್ಟರೆ ಸಾಕು.